ಕಾಫಿ ಕಣದ ಹಾಯಿದೋಣಿ

ಚಾರ್ಮಾಡಿ ಘಾಟಿ ಹತ್ತಿ ಕೊಟ್ಟಿಗೆಹಾರದಲ್ಲಿ ಜೀಪು ನಿಲ್ಲಿಸಿದರೆ ಸಾಕು, ಟೀ ಅಂಗಡಿಯಲ್ಲಿ ಕೂತವರೆಲ್ಲ ಲೋಟ ಹಿಡಿದುಕೊಂಡೇ ಹೊರಗೆ ಬರುತ್ತಾರೆ. ಜೀಪಿನ ಹಿಂದೆ ಟ್ರೈಲರ್, ಟ್ರೈಲರಿನ ಮೇಲೆ ಬಿಳಿ ಹಾಯಿದೋಣಿ. ಹಾಯಿ ಕಟ್ಟುವ ಕೂವೆಮರವನ್ನು ಮಲಗಿಸಿ ಉದ್ದಕ್ಕೆ ಕಟ್ಟಿ, ತುದಿಗೆ ಒಂದು ಕೆಂಪು ಬಟ್ಟೆ ಸಿಕ್ಕಿಸಿರುತ್ತೇನೆ. "ಎಂತ ಸಾರ್ ಇದು, ಹೊಸಾ ಥರದ ಸ್ಪ್ರೇ ಟ್ಯಾಂಕಾ?" ಎಂದು ಒಬ್ಬ ಕೇಳಿದ್ದ. ಬಣಕಲ್‌ನಲ್ಲಿ ಪಂಕ್ಚರ್ ಅಂಗಡಿಯವನೊಬ್ಬನಿದ್ದಾನೆ. ಟ್ರೈಲರಿನ ಚಕ್ರಕ್ಕೆ ಗಾಳಿ ಹಾಕಿಸಲು ನಾನು ಅವನಲ್ಲಿ ನಿಲ್ಲಲೇಬೇಕು, ಅವನದು ಪ್ರತಿ ವರ್ಷ ಒಂದೇ ಪ್ರಶ್ನೆ: "ಈ ಸಲ ಮಳೆ ಅಷ್ಟು ಜೋರಂತಾ ಸಾರ್, ದೋಣಿನೇ ತಂದಿದ್ದೀರಿ?" ಮೊದಲ ವರ್ಷ ನಕ್ಕೆ. ಎರಡನೇ ವರ್ಷವೂ ಹೇಗೋ ನಕ್ಕೆ. ಆಮೇಲೆ ಸಿಟ್ಟು ಬರತೊಡಗಿತು. ನನಗೆ ಸಿಟ್ಟು ಬರುವುದೂ ಬೇಗ, ಹೋಗುವುದೂ ಬೇಗ. ಹೋಗುವ ಹೊತ್ತಿಗೆ ಕೆಲಸ ಕೆಟ್ಟಿರುತ್ತದೆ ಅನ್ನುತ್ತಾಳೆ ನನ್ನ ಹೆಂಡತಿ.

ಗೋಣಿಬೀಡಿನ ಹತ್ತಿರ ನಮ್ಮದೊಂದು ಸಣ್ಣ ಕಾಫಿ ತೋಟ. ನಾವಿಬ್ಬರೂ ನೋಡಿಕೊಳ್ಳುತ್ತೇವೆ, ಜೊತೆಗೊಬ್ಬ ಮೇಸ್ತ್ರಿ ಇದ್ದಾನೆ. ಮಂಗಳೂರಿನಲ್ಲಿ ಓದುವಾಗ ನೌಕಾ ಕೆಡೆಟ್ ತರಬೇತಿಯಲ್ಲಿ ಹಾಯಿ ಏರಿಸುವುದನ್ನು ಕಲಿಸಿದ್ದರು. ಓದಿದ್ದೆಲ್ಲ ಮರೆತುಹೋಯಿತು, ಅದೊಂದು ಮರೆಯಲಿಲ್ಲ. ಗೋವಾದಲ್ಲಿ ಯಾರೋ ಬಿಟ್ಟುಹೋದ ದೋಣಿಯೊಂದು ಬಿಸಿಲಲ್ಲಿ ಒಣಗುತ್ತಿದೆ ಎಂದು ಗೊತ್ತಾದಾಗ ಸುಮ್ಮನೆ ನೋಡಿ ಬರುತ್ತೇನೆ ಎಂದು ಹೋದವನು ಎಳೆದುಕೊಂಡೇ ಬಂದೆ. ಇಬ್ಬರು ಮಲಗುವಷ್ಟು ಕ್ಯಾಬಿನ್, ಒಂದೇ ಬರ್ನರಿನ ಸ್ಟೋವು, ಕೂವೆಮರದ ಹಿಂದೆ ಒಂದು ದೊಡ್ಡ ಹಾಯಿ, ಮುಂದೆ ಒಂದು ಸಣ್ಣದು, ಗಾಳಿ ಕೈಕೊಟ್ಟರೆ ಇರಲಿ ಎಂದು ಪುಟ್ಟ ಮೋಟಾರು. ತಳದಲ್ಲೊಂದು ಭಾರದ ಕಬ್ಬಿಣದ ಹಲಗೆಯಿದೆ, ದೋಣಿ ಮಗುಚದ ಹಾಗೆ ನೋಡಿಕೊಳ್ಳುವುದು ಅದೇ. ಅದನ್ನು ಹಗ್ಗದಿಂದ ಒಳಕ್ಕೆ ಎತ್ತಿಕೊಳ್ಳಬಹುದು, ಆದ್ದರಿಂದಲೇ ದೋಣಿ ಟ್ರೈಲರ್ ಮೇಲೆ ಕೂರುತ್ತದೆ. ಕೊಯ್ಲು ಮುಗಿದ ಮೇಲೆ ಘಟ್ಟದ ಕೆಳಗಿನ ಹಂಗಾರಕಟ್ಟೆಯಲ್ಲಿ ನೀರಿಗಿಳಿಸುತ್ತೇನೆ, ಮಳೆಗೆ ಮುಂಚೆ ಬೆಟ್ಟ ಹತ್ತಿಸುತ್ತೇನೆ. ಕರಾವಳಿಯಲ್ಲೇ ಎಲ್ಲಾದರೂ ಬಿಟ್ಟು ಬರಬಹುದಲ್ಲ ಎನ್ನುವವರಿದ್ದಾರೆ. ಬರಬಹುದು. ಆದರೆ ಮಳೆಗಾಲ ಪೂರ್ತಿ ಅದನ್ನು ನೋಡದೆ ಇರುವುದು ನನ್ನ ಕೈಲಾಗದ ಮಾತು.

ಇಷ್ಟೆಲ್ಲ ಆದರೂ ನನ್ನ ಹೆಂಡತಿ ಒಂದು ಸಲವೂ ನೀರಿನ ಮೇಲೆ ಆ ದೋಣಿ ಹತ್ತಿರಲಿಲ್ಲ. ಹಂಗಾರಕಟ್ಟೆಗೆ ಬರುತ್ತಿದ್ದಳು, ಬುತ್ತಿ ಕಟ್ಟಿ ಕೊಡುತ್ತಿದ್ದಳು, ದಡದ ಮೇಲಿನ ತೆಂಗಿನ ಮರದ ಬುಡದಲ್ಲಿ ಕೂತು ನಾನು ವಾಪಸ್ಸಾಗುವ ತನಕ ಕಾಯುತ್ತಿದ್ದಳು. ನನಗಿದ್ದದ್ದು ಒಂದೇ ಆಸೆ. ಅವಳು ಒಮ್ಮೆ, ಒಂದೇ ಒಂದು ಸಲ, ಹಾಯಿ ತುಂಬಿದ ದೋಣಿಯಲ್ಲಿ ನನ್ನ ಪಕ್ಕ ಕೂರಬೇಕು.

ನೆಲದ ಮೇಲೆ ಮಾತ್ರ ಆ ದೋಣಿ ನನ್ನದಕ್ಕಿಂತ ಹೆಚ್ಚು ಅವಳದು. ಜೂನ್ ಹೊತ್ತಿಗೆ ಕಾಫಿ ಒಣಗಿಸುವ ಕಣ ಖಾಲಿ ಬಿದ್ದು ಪಾಚಿ ಕಟ್ಟಲು ಶುರುವಾಗುತ್ತದೆ. ಕಣದ ಅಂಚಿಗೆ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮನೆ, ಅದರ ಪಕ್ಕದ ಶೆಡ್ಡಿನಲ್ಲಿ ದೋಣಿ. ಮೊದಲ ವರ್ಷ ನಾನು ನಮಗೆ ಗೊತ್ತಿರುವುದನ್ನೇ ಮಾಡಿದೆ. ಮೋಡ ಕಂಡರೆ ಕಾಫಿ ಮುಚ್ಚುವ ಜನ ನಾವು. ಟಾರ್ಪಾಲು ಹೊದಿಸಿ, ಅಂಚು ಮಡಚಿ, ಗಾಳಿ ನುಸುಳದ ಹಾಗೆ ಬಿಗಿದು ಕಟ್ಟಿ ಭೇಷ್ ಅಂದುಕೊಂಡು ಕೂತೆ. ಆಗಸ್ಟಿನಲ್ಲಿ ಬಿಚ್ಚಿದರೆ ಒಳಗಿನ ಹಾಸಿಗೆ, ಗೋಡೆ, ಹಗ್ಗ, ಎಲ್ಲಕ್ಕೂ ಹಸಿರು ಬೂಷ್ಟು. ನಾನು ತಲೆ ಮೇಲೆ ಕೈ ಹೊತ್ತು ನಿಂತೆ. ಅವಳು ಬಂದು ಒಳಗೆ ಇಣುಕಿ ಮೂಗು ಮುಚ್ಚಿಕೊಂಡಳು.

"ಪಾರ್ಚ್‌ಮೆಂಟ್ ಕಾಫಿ ಮುಚ್ಚಿದಂಗೆ ಮುಚ್ಚಿದ್ದೀರಲ್ಲ ಮಾರಾಯ್ರೆ! ಅದಕ್ಕೂ ಉಸಿರಾಡ್ಬೇಕು ಅಂತ ಇರ್ತದೆ."

"ನಿಂಗೆ ಹೆಂಗೆ ಗೊತ್ತು? ನೀನು ದೋಣಿ ಸಾಕಿದ್ಯಾ?"

"ನಿಮ್ಮನ್ನ ಸಾಕಿದ್ದೀನಲ್ಲ, ಸಾಲ್ದಾ?"

ಅಂದೇ ಟಾರ್ಪಾಲು ಹೋಯಿತು. ಕ್ಯಾಬಿನ್ನಿನ ಬಾಗಿಲು ತೆರೆದಿಟ್ಟು, ಒಳಗೆ ಒಂದು ಬಲ್ಬು ಉರಿಸಿ, ಹಾಸಿಗೆಯ ಬಟ್ಟೆಗಳನ್ನೆಲ್ಲ ಒಗೆದು ಅಡುಗೆಮನೆಯ ಒಲೆಯ ಮೇಲಿನ ತಂತಿಗೆ ಹಾಕಿದಳು. ಆ ವರ್ಷದಿಂದ ನಮ್ಮ ಮಳೆಗಾಲ ಹೀಗೇ. ನಾನು ತಳದಲ್ಲಿ ಅಂಟಿದ ಸಮುದ್ರದ ಚಿಪ್ಪುಗಳನ್ನು ಕೆರೆದು, ಉಪ್ಪುಕಾಗದ ಹಾಕಿ ಉಜ್ಜಿ, ಬಿರುಕಿಗೆ ಅಂಟು ತುಂಬಿ, ಬಣ್ಣ ಬಳಿಯುತ್ತೇನೆ. ಅವಳು ಹರಿದ ಹಾಯಿಯನ್ನು ತೊಡೆಯ ಮೇಲೆ ಹರಡಿಕೊಂಡು ದಬ್ಬಣ ಹಿಡಿದು ಹೊಲಿಯುತ್ತಾಳೆ. ಗೋಣಿಚೀಲ ಹೊಲಿಯುವ ಅದೇ ದಬ್ಬಣ. ಬರೀ ಹೊಲಿಗೆಯಲ್ಲ; ಚುಕ್ಕಾಣಿಯ ಹಿಡಿಕೆಯ ಮರಕ್ಕೆ ಎಣ್ಣೆ ತಿಕ್ಕುವುದು, ಅದನ್ನು ಎಡಕ್ಕೆ ಬಲಕ್ಕೆ ಆಡಿಸಿ ಕೀಲು ಬಿಗಿಯಾಗದಂತೆ ನೋಡಿಕೊಳ್ಳುವುದು, ಎಲ್ಲ ಅವಳದೇ. ಸಂಜೆ ಕ್ಯಾಬಿನ್ನಿನಲ್ಲಿ ಕೂತು ಆ ಒಂದು ಬರ್ನರಿನ ಮೇಲೆ ಕಾಫಿ ಮಾಡುತ್ತೇವೆ. ತಗಡಿನ ಮೇಲೆ ಮಳೆ ಹೊಡೆಯುವ ಸದ್ದಿಗೆ ಒಬ್ಬರ ಮಾತು ಒಬ್ಬರಿಗೆ ಕೇಳಿಸದು. ಸುಮ್ಮನೆ ಕೂತಿರುತ್ತೇವೆ. ಅಂಥ ಸುಖ ನನಗೆ ಸಮುದ್ರದಲ್ಲೂ ಸಿಕ್ಕಿಲ್ಲ, ಸುಳ್ಳು ಯಾಕೆ ಹೇಳಲಿ.

ಒಮ್ಮೆ ಹಾಗೆ ಕೂತಿದ್ದಾಗ ಕೇಳಿಯೇಬಿಟ್ಟೆ. "ಇಲ್ಲಿ ಇಷ್ಟು ಚಂದ ಕೂತ್ಕೊಳ್ತೀಯಲ್ಲ, ನೀರಲ್ಲಿ ಕೂರೋಕೆ ಎಂತ ನಿಂಗೆ?"

"ನೆಲದ ಮೇಲೆ ಇದ್ರೆ ನಂದೂ ಹೌದು. ನೀರಿಗೆ ಇಳಿದ್ರೆ ನಿಮ್ದು." ಅಷ್ಟೇ ಹೇಳಿ ಲೋಟ ತೊಳೆಯಲು ಎದ್ದಳು.

ಹೆದರಿಕೆ ಎಂದೇ ನಾನು ತಿಳಿದಿದ್ದೆ. ತಿಳಿಯಲು ಕಾರಣವೂ ಇತ್ತು. ಅವಳ ತವರು ಕಳಸದ ಕಡೆ, ಭದ್ರಾ ನದಿಯ ಆಚೆ ದಡದಲ್ಲಿ. ಈಗ ಅಲ್ಲಿಗೆ ತೂಗುಸೇತುವೆ ಇದೆ. ಅವಳು ಚಿಕ್ಕವಳಿದ್ದಾಗ ತೆಪ್ಪವೊಂದೇ ಗತಿ. ಸೇತುವೆ ದಾಟುವಾಗಲೂ ಅವಳು ಕೆಳಗೆ ನೋಡುವುದಿಲ್ಲ, ಬಾಯಿ ಬಿಗಿದುಕೊಂಡು ಎದುರಿಗೇ ನೋಡುತ್ತ ಸರಸರ ನಡೆದುಬಿಡುತ್ತಾಳೆ. ಅವಳಿಗೆ ಹತ್ತು ವರ್ಷವಾಗುವ ಮುಂಚೆಯೇ ತಾಯಿ ಜ್ವರ ಬಂದು ತೀರಿಕೊಂಡರೆಂದು ನನಗೆ ಗೊತ್ತಿತ್ತು. ಆ ಜ್ವರಕ್ಕೂ ಈ ನೀರಿಗೂ ನಾನು ಗಂಟು ಹಾಕಿರಲಿಲ್ಲ. ಹೆದರಿಕೆ ತಾನೆ, ಬಿಡಿಸಿದರಾಯಿತು ಎಂದುಕೊಂಡು ಕಿತ್ತಳೆ ಬಣ್ಣದ ತೇಲುವ ಜಾಕೆಟ್ಟು ತಂದುಕೊಟ್ಟೆ. ಅದನ್ನು ಅವಳು ಮನೆಯ ಬೆಕ್ಕಿಗೆ ಹಾಸಿಕೊಟ್ಟಳು.

ಹೋದ ವರ್ಷ ನನ್ನ ಬಲಭುಜ ಕೈಕೊಟ್ಟಿತು. ಕೈ ಮೇಲೆತ್ತಿದರೆ ಜೀವ ಹೋಗುವಂಥ ನೋವು. ಚಿಕ್ಕಮಗಳೂರಿನ ಡಾಕ್ಟರು ಎಲ್ಲ ನೋಡಿ, "ಹಗ್ಗ ಗಿಗ್ಗ ಎಳೆಯೋದು ಇನ್ನು ಬೇಡ" ಎಂದರು. ಹಗ್ಗ ಎಳೆಯದೆ ಹಾಯಿದೋಣಿ ನಡೆಸುವುದು ಹೇಗೆ? ಒಬ್ಬನೇ ನಡೆಸುವವನಿಗೆ ಎರಡು ಕೈಯೇ ಸಾಲದು, ನನ್ನದೀಗ ಒಂದೂವರೆ. ಮನೆಗೆ ಬಂದು ಅನ್ನ ಬಿಟ್ಟು ಕೂತೆ, ಮೇಸ್ತ್ರಿಯ ಮೇಲೆ ಕಾರಣವಿಲ್ಲದೆ ರೇಗಿದೆ, ಕೊನೆಗೆ ಕಾರವಾರದಲ್ಲಿ ದೋಣಿ ಹುಡುಕುತ್ತಿದ್ದವರೊಬ್ಬರಿಗೆ ಫೋನ್ ಮಾಡಿ ಕೊಡುತ್ತೇನೆ ಎಂದುಬಿಟ್ಟೆ. ಮಳೆಗೆ ಮುಂಚೆ ಬಂದು ತೆಗೆದುಕೊಂಡು ಹೋಗುವುದೆಂದು ಮಾತಾಯಿತು. ಹೆಂಡತಿಗೆ ಹೇಳಿದೆ. ಅವಳು ಅಕ್ಕಿ ಆರಿಸುತ್ತಿದ್ದಳು, ತಲೆ ಎತ್ತಲಿಲ್ಲ. ದೋಣಿ ಹೋಗುವುದಕ್ಕಿಂತ ಅವಳು ಒಮ್ಮೆಯೂ ಹತ್ತದೆ ಅದು ಹೋಗುತ್ತದಲ್ಲ ಎಂಬುದೇ ನನ್ನನ್ನು ಹೆಚ್ಚು ಕೊರೆಯುತ್ತಿತ್ತು.

ಎರಡು ದಿನ ಬಿಟ್ಟು ಅವಳೇ ಶುರು ಮಾಡಿದಳು.

"ಕೊನೇ ಸಲ ಹಂಗಾರಕಟ್ಟೆಗೆ ಯಾವಾಗ ಹೋಗೋದು?"

"ಈ ವಾರ ಹೋಗಿ ಎಲ್ಲ ಸರಿ ಮಾಡಿಟ್ಟು ಬರ್ಬೇಕು."

"ನಾನೂ ಬರ್ತೀನಿ."

"ಯಾವಾಗ್ಲೂ ಬರ್ತೀಯಲ್ಲ."

"ದಡಕ್ಕಲ್ಲ. ದೋಣಿಗೆ."

ನಾನು ಬಾಯಿ ತೆರೆದುಕೊಂಡು ನಿಂತೆ. ಅವಳಿಗೆ ಅದನ್ನು ಕಂಡು ಸಿಟ್ಟು ಬಂತು. "ಎಂತ ಹಂಗೆ ನೋಡ್ತೀರಿ? ಇಷ್ಟು ವರ್ಷ ಕೂತು ಹೊಲ್ದಿದ್ದೀನಿ. ಆ ಹೊಲಿಗೆ ಗಾಳಿಗೆ ನಿಲ್ತದೋ ಇಲ್ವೋ, ಕೊಡೋ ಮುಂಚೆ ಒಂದು ಸಲ ನೋಡ್ಬೇಡ್ವಾ ನಾನು?"

ಆ ವರ್ಷ ಏಪ್ರಿಲ್ ಬಂದರೂ ಹೂಮಳೆ ಆಗಿರಲಿಲ್ಲ. ಕಾಫಿಯವರಲ್ಲದವರಿಗೆ ಇದನ್ನು ಹೇಳಿದರೆ ತಮಾಷೆ ಅನ್ನಿಸಬಹುದು. ಗಿಡದ ತುಂಬ ಮೊಗ್ಗು ಕಟ್ಟಿ ಕಾಯುತ್ತಿರುತ್ತದೆ. ಸರಿಯಾಗಿ ಒಂದಿಂಚು ಮಳೆ ಬಿದ್ದರೆ ವಾರದೊಳಗೆ ತೋಟವೆಲ್ಲ ಬೆಳ್ಳಗೆ ಅರಳುತ್ತದೆ, ಬೀಳದಿದ್ದರೆ ಮೊಗ್ಗು ಗಿಡದಲ್ಲೇ ಕರಟುತ್ತದೆ. ವರ್ಷದ ಬೆಳೆ ಆ ಒಂದು ಸಂಜೆಯ ಕೈಯಲ್ಲಿ. ಹಾಗಾಗಿ ಆ ಎರಡು ತಿಂಗಳು ಮೂಡಿಗೆರೆಯ ಕಡೆಯವರು ಮಾತಾಡುತ್ತಿದ್ದರೂ ಕಣ್ಣು ಆಕಾಶದಲ್ಲೇ ಇರುತ್ತದೆ. ಎಲ್ಲೋ ಗುಡುಗಿದರೆ ಫೋನುಗಳು ಬಡಿದುಕೊಳ್ಳುತ್ತವೆ: "ನಿಮ್ಮಲ್ಲಿ ಎಷ್ಟಾಯ್ತು? ನಮ್ಮಲ್ಲಿ ಇಪ್ಪತ್ತು ಸೆಂಟು." ಇಂಚಿನ ನೂರರಲ್ಲೊಂದು ಭಾಗಕ್ಕೆ ಸೆಂಟು ಎನ್ನುತ್ತೇವೆ. ಪಕ್ಕದ ತೋಟದಲ್ಲಿ ಐದು ಸೆಂಟು ಹೆಚ್ಚಾದರೆ ಅನ್ನ ಸೇರುವುದಿಲ್ಲ. ನಾವು ಘಾಟಿ ಇಳಿಯುವಾಗಲೂ ಅವಳು ಕಿಟಕಿಯಿಂದ ತಲೆ ಹೊರಗೆ ಹಾಕಿ ಮೋಡ ಹುಡುಕುತ್ತಿದ್ದಳು.

ಹಂಗಾರಕಟ್ಟೆಯಲ್ಲಿ ಸೀತಾ, ಸ್ವರ್ಣಾ ಎರಡೂ ನದಿಗಳು ಸಮುದ್ರಕ್ಕೆ ಸೇರುವ ಮುಂಚೆ ಅಗಲವಾಗಿ ಹರಡಿಕೊಳ್ಳುತ್ತವೆ. ಈಚೆ ಹಂಗಾರಕಟ್ಟೆ, ಆಚೆ ಮರಳು ದಿಬ್ಬ, ತೆಂಗಿನ ಸಾಲು, ಅದರಾಚೆ ಸಮುದ್ರ. ಅಳಿವೆ ದಾಟಿ ಹೊರಗೆ ಹೋಗುವುದು ಬೇಡ, ಒಳಗೇ ಒಂದು ಸುತ್ತು ಎಂದು ಮಾತು ಕೊಟ್ಟಿದ್ದೆ. ಮಧ್ಯಾಹ್ನದ ಊಟ ಕಳೆದ ಮೇಲೆ ಅವಳು ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಅಕ್ಕಿರೊಟ್ಟಿಯ ಡಬ್ಬಿಯನ್ನು ಎದೆಗೆ ಅವಚಿಕೊಂಡು, ನನ್ನ ಕೈ ಹಿಡಿಯದೆಯೇ ಹತ್ತಿದಳು. ಬೆಕ್ಕಿನ ಕೂದಲು ಅಂಟಿದ ಕಿತ್ತಳೆ ಜಾಕೆಟ್ಟನ್ನು ನಾನೇ ತೊಡಿಸಿದೆ. ಹಿಂದಿನ ಕಟ್ಟೆಯ ಮೇಲೆ, ಚುಕ್ಕಾಣಿಯ ಪಕ್ಕದಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತಳು. ಎಡಗೈಯಲ್ಲೇ ಎಳೆದೆಳೆದು ಹಾಯಿ ಏರಿಸಿದೆ. ಸಮುದ್ರದ ಕಡೆಯಿಂದ ಹದವಾದ ಗಾಳಿ. ಹಾಯಿ ತುಂಬಿತು, ದೋಣಿ ಸದ್ದಿಲ್ಲದೆ ಹೊರಟಿತು.

ಅವಳು ನೀರು ನೋಡಲಿಲ್ಲ. ತಲೆ ಎತ್ತಿ ಹಾಯಿಯನ್ನೇ ನೋಡುತ್ತಿದ್ದಳು. ಅವಳ ಹೊಲಿಗೆಯ ಗೆರೆಗಳು ಬಿಸಿಲಿಗೆ ಒಂದೊಂದೂ ಕಾಣುತ್ತಿದ್ದವು.

"ಅದು ಹೋದ ವರ್ಷ ಆಟಿ ಮಳೆಯಲ್ಲಿ ಹೊಲ್ದಿದ್ದು. ಅದು ಅದರ ಹಿಂದಿನ ವರ್ಷದ್ದು, ದಾರ ಸಾಲ್ದೆ ಗೋಣಿ ದಾರ ಹಾಕಿದ್ದೆ."

"ನಿಂತಿದೆಯಲ್ಲ."

"ಇನ್ನೂ ಎಂತ ಗಾಳಿ ಬಂದಿದೆ ಮಾರಾಯ್ರೆ, ಈಗ್ಲೇ ಹೇಳ್ಬೇಡಿ."

ನನಗೆ ಅಲ್ಲೇ ಕುಣಿಯಬೇಕು ಅನ್ನಿಸಿತು. ಅವಳು ನನ್ನ ಪಕ್ಕ ಕೂತಿದ್ದಳು, ಹಾಯಿ ತುಂಬಿತ್ತು. ಇನ್ನೇನು ಬೇಕು? ಕಾರವಾರದವರು ಬಂದು ಈಗಲೇ ತೆಗೆದುಕೊಂಡು ಹೋದರೂ ಹೋಗಲಿ ಎಂದುಕೊಂಡೆ.

ಆಗ ಪೂರ್ವದ ಕಡೆ ತಿರುಗಿ ನೋಡಿದವಳು ಅವಳು. "ಅಯ್ಯೋ, ಅಲ್ಲಿ ನೋಡಿ!"

ಘಟ್ಟದ ಸಾಲಿನ ಮೇಲೆ ಮೋಡ ಎದ್ದಿತ್ತು. ಬುಡ ಕಪ್ಪು ಶಾಯಿ, ತಲೆ ಬೆಳ್ಳಗೆ ಮೇಲಕ್ಕೆ ಮೇಲಕ್ಕೆ ಉಬ್ಬುತ್ತಿತ್ತು. ಉತ್ತರಕ್ಕಿರುವುದು ಕುದುರೆಮುಖದ ಮೇಲಿನದು, ಈ ಕಡೆಯದು ಕೊಟ್ಟಿಗೆಹಾರದ ಮೇಲಿನದು, ಅದರ ಬೆನ್ನಿಗಿರುವುದು ಖಂಡಿತ ನಮ್ಮದೇ ಎಂದು ನಾವಿಬ್ಬರೂ ಬೆರಳು ತೋರಿಸಿ ಹಂಚಿಕೊಂಡೆವು. ಮಿಂಚಿತು. ಅವಳು ಕೈ ಮುಗಿದಳು. ನಾನು ಫೋನ್ ತೆಗೆದು ಮೇಸ್ತ್ರಿಗೆ ಹಚ್ಚಿದೆ. "ಕಪ್ಪಾಗಿದೆ ಸಾರ್, ಪೂರ್ತಿ ಕಪ್ಪಾಗಿದೆ, ಗಾಳಿ ಶುರುವಾಗಿದೆ!" ಎಂದು ಅವನು ಆ ಕಡೆಯಿಂದ ಅರಚಿದ. ನಾನು ಈ ಕಡೆಯಿಂದ ಅರಚಿದೆ.

ಮೀನಿನ ದೋಣಿಗಳು ಒಂದರ ಹಿಂದೆ ಒಂದು ಅವಸರದಲ್ಲಿ ಒಳಗೆ ಬರುತ್ತಿದ್ದವು. ಒಂದು ದೋಣಿಯವರು ನಮ್ಮ ಕಡೆ ಎರಡೂ ಕೈ ಬೀಸಿ ಏನೋ ಕೂಗಿದರು. ಎಂಜಿನ್ನಿನ ಸದ್ದಿಗೆ ಮಾತು ಕೇಳಿಸಲಿಲ್ಲ. ಪಾಪ, ಅವರಿಗೂ ಮಳೆ ಕಂಡು ಖುಷಿಯಾಗಿದೆ ಎಂದುಕೊಂಡು ನಾವೂ ಎರಡೂ ಕೈ ಬೀಸಿದೆವು. ಸಮುದ್ರದ ಗಾಳಿ ಥಟ್ಟನೆ ನಿಂತಿತು. ಹಾಯಿ ಜೋತುಬಿತ್ತು. ಘಟ್ಟದ ಕಡೆಯಿಂದ ತಣ್ಣನೆಯದೊಂದು ಎಳೆ ಬಂದು ಮುಖಕ್ಕೆ ತಾಗಿತು, ಅದರ ತುಂಬ ಒದ್ದೆ ಮಣ್ಣಿನ ವಾಸನೆ. ನೀರಿನ ಮೇಲಿರುವ ಯಾವನೇ ಆಗಲಿ ಆ ವಾಸನೆ ಮೂಗಿಗೆ ಬಿದ್ದ ಕೂಡಲೇ ಹಾಯಿ ಇಳಿಸುತ್ತಾನೆ. ನಾನು ಕಣ್ಣು ಮುಚ್ಚಿ, ಎದೆ ತುಂಬ ಎಳೆದುಕೊಂಡು, "ಆಹಾ!" ಎಂದೆ. ಅವಳೂ ಆಹಾ ಎಂದಳು.

ಕಣ್ಣು ತೆರೆದಾಗ ನೀರಿನ ಮೇಲೆ ಕಪ್ಪು ಗೆರೆಯೊಂದು ನಮ್ಮ ಕಡೆ ಓಡಿ ಬರುತ್ತಿತ್ತು.

ಗಾಳಿ ಹೊಡೆದ ಹೊಡೆತಕ್ಕೆ ದೋಣಿ ಪಕ್ಕಕ್ಕೆ ಬಾಗಿತು, ಬಾಗಿದ್ದು ಬಾಗುತ್ತಲೇ ಹೋಯಿತು. ಅಂಚು ನೀರಿಗೆ ಮುಳುಗಿ ನೀರು ಕಾಲ ಬುಡಕ್ಕೆ ನುಗ್ಗಿತು. ಕ್ಯಾಬಿನ್ನಿನೊಳಗೆ ಪಾತ್ರೆಗಳು ಧಡಧಡ ಬಿದ್ದವು. ಹಾಯಿಯ ಹಗ್ಗ ಸಡಿಲ ಬಿಡಲು ಹೋದರೆ ಅದು ಕಚ್ಚಿಕೊಂಡಿತ್ತು. ಬಲಗೈಯಲ್ಲಿ ಕಿತ್ತೆ, ಭುಜದೊಳಗೆ ಏನೋ ಹರಿದ ಹಾಗಾಗಿ ಕಣ್ಣು ಕತ್ತಲಿಟ್ಟಿತು. ಕೂವೆಮರದ ಹತ್ತಿರ ಹೋಗಿ ಹಾಯಿ ಇಳಿಸಲೇಬೇಕು, ಆದರೆ ನಾನು ಚುಕ್ಕಾಣಿ ಬಿಟ್ಟರೆ ದೋಣಿ ನಿಲ್ಲದು. ಅವಳ ಕಡೆ ತಿರುಗಿ ಕೂಗಿದೆ, "ಹಿಡಿ ಇದನ್ನ! ಗಾಳಿಗೆ ಮುಖ ಮಾಡಿ ತಿರುಗಿಸು!"

ಯಾವ ಕಡೆಗೆ ದೂಡಬೇಕೆಂದು ಹೇಳಲು ನನಗೆ ಹೊತ್ತೇ ಇರಲಿಲ್ಲ. ಹಿಡಿಕೆಯನ್ನು ದೂಡಿದ ಕಡೆಗೆ ದೋಣಿ ತಿರುಗುವುದಿಲ್ಲ, ಅದಕ್ಕೆ ವಿರುದ್ಧ ತಿರುಗುತ್ತದೆ. ಹೊಸಬರೆಲ್ಲ ಅಲ್ಲೇ ಎಡವುವುದು. ಆದರೆ ಇವಳು ಶೆಡ್ಡಿನಲ್ಲಿ ಎಷ್ಟು ಮಳೆಗಾಲ ಅದಕ್ಕೆ ಎಣ್ಣೆ ತಿಕ್ಕಿ ಆ ಕಡೆ ಈ ಕಡೆ ಆಡಿಸಿ, ಹಿಡಿಕೆ ಈ ಕಡೆ ಬಂದರೆ ಹಿಂದಿನ ಹಲಗೆ ಆ ಕಡೆ ಹೋಗುವುದನ್ನು ನೋಡಿದವಳು! ಕಾಲನ್ನು ಎದುರಿನ ಹಲಗೆಗೆ ಒತ್ತಿ, ಎರಡೂ ಕೈಯಲ್ಲಿ ಹಿಡಿಕೆ ಹಿಡಿದು, ಮೈಭಾರವೆಲ್ಲ ಹಾಕಿ ದೂಡಿದಳು. ದೋಣಿಯ ಮೂತಿ ಗಾಳಿಯ ಕಡೆ ತಿರುಗಿತು. ನಾನು ತೆವಳಿಕೊಂಡು ಮುಂದೆ ಹೋಗಿ ಎಡಗೈಗೆ ಹಾಯಿಯ ಬಟ್ಟೆ ಸುತ್ತಿ ಜೋತುಬಿದ್ದೆ. ಪರ್ರ್ ಎಂದು ಹರಿದ ಸದ್ದು ಕೇಳಿತು. ಹಾಯಿ ನನ್ನ ಮೇಲೆಯೇ ಕುಸಿದುಬಿತ್ತು.

ಆಮೇಲೆ ಮಳೆ. ಎದುರಿನ ದಡ ಅಳಿಸಿಹೋಗುವಂಥ ಮಳೆ. ಮೋಟಾರು ಹಚ್ಚಿ ಗಾಳಿಗೆ ಎದುರಾಗಿ ದೋಣಿಯನ್ನು ಇದ್ದಲ್ಲೇ ಇರಿಸಿಕೊಂಡೆವು. ಅವಳು ಚುಕ್ಕಾಣಿ ಬಿಡಲಿಲ್ಲ. ಕೂದಲು ಬಿಚ್ಚಿ ಮುಖಕ್ಕೆ ಅಂಟಿತ್ತು, ಹಲ್ಲು ಕಟಕಟ ಅನ್ನುತ್ತಿತ್ತು. ಕೆಲಸ ಕೆಟ್ಟಿತು, ಜನ್ಮದಲ್ಲಿ ಇನ್ನು ಇವಳು ನೀರಿನ ಹತ್ತಿರ ಬರುವುದಿಲ್ಲ ಎಂದು ನಾನು ನನ್ನ ತಲೆಗೆ ನಾನೇ ಹೊಡೆದುಕೊಂಡೆ.

ಬಂದಷ್ಟೇ ಬೇಗ ಮಳೆ ಸಮುದ್ರದ ಕಡೆ ಹೋಯಿತು. ರೊಟ್ಟಿ ಡಬ್ಬಿಯೊಳಗೆ ಅವಳು ಯಾವ ಮಾಯದಲ್ಲೋ ಹಾಕಿಟ್ಟಿದ್ದ ನನ್ನ ಫೋನು ಬಡಿದುಕೊಂಡಿತು. ಮೇಸ್ತ್ರಿ. "ಸಾರ್! ಒಂದಿಂಚು ಹತ್ತು ಸೆಂಟು ಸಾರ್! ಅಮ್ಮೋರಿಗೆ ಹೇಳಿ! ನೀವು ಎಲ್ಲಿದ್ದೀರಿ?"

"ಅದ್ರ ಅಡಿಯಲ್ಲೇ ಇದ್ದೀವಿ ಮಾರಾಯ," ಎಂದೆ.

ಅವಳು ನಗಲು ಶುರು ಮಾಡಿದಳು. ನಾನೂ ನಕ್ಕೆ. ಒದ್ದೆ ಹಾಯಿಯನ್ನು ಅವಳ ಮುಂದೆ ಹರಡಿದೆ. ಹರಿದದ್ದು ಹೊಲಿಗೆಯ ಪಕ್ಕದ ಬಟ್ಟೆ. ಹೊಲಿಗೆ ಹಾಗೇ ಇತ್ತು. "ನನ್ನದು ಬಿಟ್ಟಿಲ್ಲ ನೋಡಿ," ಎಂದು ಅವಳು ಆ ಗೆರೆಯ ಮೇಲೆ ಬೆರಳಾಡಿಸಿದಳು. ನಾನು ಮೋಟಾರು ನಿಲ್ಲಿಸಿ ಮುಂದಿನ ಸಣ್ಣ ಹಾಯಿ ಬಿಚ್ಚಿದೆ. ಉಳಿದ ಗಾಳಿ ಅದಕ್ಕೆ ಸಾಕಷ್ಟಿತ್ತು. "ಬಾ, ದಡಕ್ಕೆ ಹೋಗುವ," ಎಂದೆ.

"ಆ ದಡಕ್ಕಲ್ಲ," ಎಂದಳು. "ಆಚೆ ದಡಕ್ಕೆ."

"ಆಚೆ ಎಂತ ಇದೆ? ಬರೀ ಮರಳು."

"ಇರ್ಲಿ. ದಾಟ್ಬೇಕು ನಂಗೆ."

ಹಿಡಿಕೆ ಅವಳ ಕೈಯಲ್ಲೇ ಇತ್ತು. ಮೂತಿಯನ್ನು ಆಚೆಯ ತೆಂಗಿನ ಸಾಲಿಗೆ ಇಟ್ಟು ಅವಳೇ ನಡೆಸಿದಳು. ಸ್ವಲ್ಪ ದೂರ ಹೋದ ಮೇಲೆ, ಎದುರಿಗೇ ನೋಡುತ್ತ, ಹೇಳತೊಡಗಿದಳು.

"ನೀವು ಹೆದ್ರಿಕೆ ಅಂದ್ಕೊಂಡಿದ್ರಿ. ಹೆದ್ರಿಕೆ ಅಲ್ಲ ಅದು, ಸಿಟ್ಟು. ಅಮ್ಮಂಗೆ ಜ್ವರ ಜಾಸ್ತಿ ಆದ ದಿನ ಕಂಬಳಿಯಲ್ಲಿ ಹೊತ್ಕೊಂಡು ಹೊಳೆ ಹತ್ರ ತಂದಿದ್ರು. ತೆಪ್ಪ ಆಚೆ ದಡದಲ್ಲಿತ್ತು. ಹೊಳೆ ತುಂಬಿ ಕೆಂಪಾಗಿ ಹೋಗ್ತಿತ್ತು. ತೆಪ್ಪದವ ಕೈ ಅಲ್ಲಾಡಿಸ್ದ, ಆಗಲ್ಲ ಅಂತ. ಅವನೆಂತ ಮಾಡ್ತಾನೆ, ಅವಂಗೂ ಮಕ್ಕಳಿದ್ರು. ಕಳಸಕ್ಕೆ ಕರ್ಕೊಂಡು ಹೋಗೋಕೆ ಜೀಪು ಆ ದಡದಲ್ಲಿ ಬಂದು ನಿಂತಿತ್ತು, ಅದ್ರ ಲೈಟು ನಂಗೆ ಕಾಣ್ತಿತ್ತು. ಅಷ್ಟು ಹತ್ರ. ಕತ್ಲೆ ಆಗೋ ತನಕ ಅಪ್ಪ ಕೂಗಿದ್ರು. ನಾನು ಅಮ್ಮನ ಕಾಲು ಉಜ್ತಾ ಕೂತಿದ್ದೆ. ಉಜ್ತಾ ಉಜ್ತಾ ಕಾಲು ತಣ್ಣಗಾಯ್ತು."

ನಾನು ಅವಳ ಪಕ್ಕಕ್ಕೆ ಸರಿದು ಕೂತೆ. ಅವಳೇ ಮುಂದುವರಿಸಿದಳು.

"ದೋಣಿ ಅಂದ್ರೆ ಬೇಕಾದಾಗ ಬರ್ದೇ ಇರೋದು ಅಂತ ನನ್ನ ತಲೇಲಿ ಕೂತ್ಬಿಟ್ಟಿತ್ತು. ನೀವು ಅದ್ರಲ್ಲಿ ಸುಮ್ನೆ ಸುತ್ತಾಡೋಕೆ ಹೋಗ್ತಿದ್ರಿ. ಯಾರನ್ನೂ ದಾಟಿಸೋಕಲ್ಲ, ಎಲ್ಲಿಗೂ ಮುಟ್ಟೋಕಲ್ಲ. ದಡದಲ್ಲಿ ಕೂತು ನೋಡ್ತಾ ಇದ್ರೆ ನಂಗೆ ಹೊಟ್ಟೆ ಉರೀತಿತ್ತು. ನಿಮ್ಮ ಮೇಲಲ್ಲ. ಆದ್ರೂ ಉರೀತಿತ್ತು."

"ಮತ್ತೆ ಹೊಲ್ದು ಕೊಡ್ತಿದ್ಯಲ್ಲ ಮಾರಾಯ್ತಿ?"

"ನೀವು ವಾಪಸ್ ಬರ್ಬೇಡ್ವಾ?"

ದಡ ಹತ್ತಿರ ಬಂತು. ತಳದ ಕಬ್ಬಿಣದ ಹಲಗೆ ಎತ್ತಬೇಕಿತ್ತು, ನನ್ನ ಭುಜ ಬರಲಿಲ್ಲ. ಅವಳು ಹಿಡಿಕೆಯನ್ನು ಮೊಣಕಾಲಿನಲ್ಲಿ ಒತ್ತಿಹಿಡಿದು, ಎರಡೂ ಕೈಯಿಂದ ಹಗ್ಗ ಎಳೆದು ಹಲಗೆ ಮೇಲೆತ್ತಿದಳು. ದೋಣಿಯ ಮೂತಿ ಸರಕ್ ಎಂದು ಮರಳಿಗೆ ಹತ್ತಿತು. ಅವಳು ಹಿಂದೆ ತಿರುಗಿ ನಾವು ದಾಟಿ ಬಂದ ನೀರನ್ನು ನೋಡಿದಳು. ಇಡೀ ದಿನದಲ್ಲಿ ಅವಳು ನೀರು ನೋಡಿದ್ದು ಅದೇ ಮೊದಲು.

"ಇಷ್ಟೇ ಹೊತ್ತಾ?" ಎಂದಳು.

"ಇಷ್ಟೇ ಹೊತ್ತು."

ಆಗ ಅವಳು ಅತ್ತಳು. ಮದುವೆಯಾಗಿ ಇಷ್ಟು ವರ್ಷದಲ್ಲಿ ಅವಳು ಹಾಗೆ ದನಿ ತೆಗೆದು ಅತ್ತದ್ದನ್ನು ನಾನು ನೋಡಿರಲಿಲ್ಲ. ಸರಿಯಿದ್ದ ಕೈಯಲ್ಲಿ ಅವಳನ್ನು ಹಿಡಿದುಕೊಂಡು ನಾನೂ ಅತ್ತೆ. ಆ ಕಿತ್ತಳೆ ಜಾಕೆಟ್ಟು ಅಡ್ಡ ಬಂದು ಸರಿಯಾಗಿ ತಬ್ಬಿಕೊಳ್ಳಲೂ ಆಗಲಿಲ್ಲ. ಸುಮಾರು ಹೊತ್ತಾದ ಮೇಲೆ ಅವಳು ಮೂಗು ಒರೆಸಿಕೊಂಡು ಡಬ್ಬಿ ತೆರೆದಳು. ರೊಟ್ಟಿ ಒದ್ದೆಯಾಗಿರಲಿಲ್ಲ. ಮರಳಿನ ಮೇಲೆ ಕೂತು ಇಬ್ಬರೂ ತಿಂದೆವು.

ಕೊನೆಯ ತುಂಡು ನನ್ನ ಕೈಗೆ ಕೊಡುತ್ತ ಅವಳು ಹೇಳಿದಳು, "ಕಾರವಾರದವರಿಗೆ ಫೋನ್ ಮಾಡಿ ಇಲ್ಲ ಅನ್ನಿ. ಹಗ್ಗ ನಾನು ಎಳೀತೀನಿ. ನೀವು ಬಾಯಲ್ಲಿ ಹೇಳಿದ್ರೆ ಸಾಕು, ಅದು ಹೆಂಗೂ ನಿಮಗೆ ಸಲೀಸು."

ಕಾರವಾರದವರು ಒಳ್ಳೆಯವರು, ಬೇಜಾರು ಮಾಡಿಕೊಳ್ಳಲಿಲ್ಲ. ಮಳೆಗಾಲಕ್ಕೆ ಮುಂಚೆ ಎಂದಿನಂತೆ ದೋಣಿಯನ್ನು ಟ್ರೈಲರಿಗೆ ಏರಿಸಿದೆವು. ಹಾಯಿಯನ್ನು ಅವಳೇ ಮಡಚಿ ಜೀಪಿನಲ್ಲಿ ತನ್ನ ಕಾಲ ಬಳಿ ಇಟ್ಟುಕೊಂಡಳು, ಜೂನಿನಲ್ಲಿ ಹೊಲಿಯಬೇಕಿತ್ತು. ತೋಟದಲ್ಲಿ ಹೂವು ಅರಳಿ ಉದುರಿ ಆಗಲೇ ಸಣ್ಣ ಕಾಯಿ ಕಟ್ಟಿತ್ತು. ಘಾಟಿ ಹತ್ತಿ ಬಣಕಲ್‌ನಲ್ಲಿ ಟ್ರೈಲರಿನ ಚಕ್ರಕ್ಕೆ ಗಾಳಿ ಹಾಕಿಸಲು ನಿಲ್ಲಿಸಿದೆ. ಪಂಕ್ಚರ್ ಅಂಗಡಿಯವನು ನಗುತ್ತ ಬಂದ. ನಾನು ಹಲ್ಲು ಕಚ್ಚಿಕೊಂಡು ತಯಾರಾದೆ.

"ಈ ಸಲ ಮಳೆ ಅಷ್ಟು ಜೋರಂತಾ ಸಾರ್, ದೋಣಿನೇ ತಂದಿದ್ದೀರಿ?"

ನಾನು ಬಾಯಿ ತೆರೆಯುವ ಮುಂಚೆ ಅವಳು ಕಿಟಕಿಯ ಗಾಜು ಇಳಿಸಿದಳು.

"ಹೌದು ಮಾರಾಯ," ಎಂದಳು, "ನಮ್ಮಲ್ಲಿ ಒಂದು ದೋಣಿ ಇರ್ಲಿ. ಇನ್ಮೇಲೆ ಯಾರೂ ಆಚೆ ದಡದಲ್ಲಿ ಉಳೀಬಾರ್ದು."

ಅವನಿಗೆ ಏನೂ ಅರ್ಥವಾಗಲಿಲ್ಲ. ಆಯ್ತು ಅಮ್ಮಾ ಎಂದು ತಲೆಯಾಡಿಸಿ, ಬಗ್ಗಿ ಚಕ್ರಕ್ಕೆ ಗಾಳಿ ಹಾಕಿದ.